ಗುಡ್ಡ ಕಾಣುವ ಕೋಣೆ

ಉಪ್ಪುಂದದ ದೇವು ರಜಾ ಕ್ಲಬ್ಬಿನ ಮೆಂಬರ್ ಆದದ್ದು ಹೆಂಡತಿಯ ಬಾಯಿಂದ ಬಂದ ಒಂದೇ ಒಂದು ಮಾತಿನಿಂದ.

ಮೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಬ್ರಹ್ಮಾವರದ ಮಗಳ ಮನೆಗೆ ಹೋಗಿದ್ದರು. ಅಲ್ಲಿನ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ನಿಂತಿದ್ದ ಹುಡುಗಿ ಲಕ್ಕಿ ಡ್ರಾ ಎಂದು ಅವರ ಹೆಸರು, ಫೋನ್ ನಂಬರು ಬರೆದುಕೊಂಡಳು. ಮರುವಾರ ಫೋನು ಬಂತು. ನಿಮಗೆ ಬಹುಮಾನ ಬಂದಿದೆ, ಹೈವೇ ಪಕ್ಕದ ಹೋಟೆಲಿಗೆ ಜೋಡಿಯಾಗಿ ಬನ್ನಿ, ಊಟ ನಮ್ಮದು ಅಂದರು. ದೇವುಗೆ ಅನುಮಾನವಿತ್ತು. ಆದರೆ ಜಲಜ, "ಹೋಪ ಮಾರಾಯ್ರೆ, ಒಂದ್ ಹೊತ್ತ್ ಅಡಿಗಿ ಮಾಡುದಾರೂ ತಪ್ಪತ್ತ್" ಎಂದು ಮದುವೆಮನೆಗೆ ಉಡುವ ಸೀರೆಯನ್ನೇ ತೆಗೆದು ಉಟ್ಟಳು.

ಹೋಟೆಲಿನ ಎಸಿ ಹಾಲಿನಲ್ಲಿ ಟೈ ಕಟ್ಟಿದ ಜಿತೇಂದ್ರ ಎಂಬವನು ಅವರನ್ನು ಕೂರಿಸಿಕೊಂಡು ಪರದೆಯ ಮೇಲೆ ಚಿತ್ರ ತೋರಿಸತೊಡಗಿದ. ಊಟಿ, ಮುನ್ನಾರ್, ಗೋವಾ. ಒಮ್ಮೆ ಮೆಂಬರ್ ಆದರೆ ಸಾಕು, ವರ್ಷಕ್ಕೊಂದು ವಾರ ಇದರಲ್ಲಿ ಯಾವ ಊರಿನ ಕೋಣೆಯಾದರೂ ನಿಮ್ಮದೇ ಅಂದ. ದೇವು ಆಕಳಿಸುತ್ತಿದ್ದ. ಅಷ್ಟರಲ್ಲಿ ಮಡಿಕೇರಿಯ ಚಿತ್ರ ಬಂತು. ಬಿಳಿ ಹಾಸಿಗೆ, ಅದರ ಪಕ್ಕದಲ್ಲೇ ನೆಲದಿಂದ ಮಾಡಿನವರೆಗೆ ಗಾಜು, ಗಾಜಿನಾಚೆ ಹಸಿರು ಗುಡ್ಡ, ಗುಡ್ಡದ ಮೇಲೆ ಮಂಜು.

"ಕಣ್ಣ್ ಬಿಟ್ಟ್ ಕೂಡ್ಲೆ ಗುಡ್ಡಿ ಕಾಂತ್ ಅಲ್ದಾ?" ಅಂದಳು ಜಲಜ. "ಎಷ್ಟ್ ಲಾಯ್ಕ್."

ಅಷ್ಟೇ. ಆದರೆ ದೇವು ಆಕಳಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಮದುವೆಯಾದಾಗಿನಿಂದ ಜಲಜ ಬೆಳಕು ಹರಿಯುವ ಮೊದಲೇ ಎದ್ದು ಮೀನು ಹರಾಜಿಗೆ ಹೋಗಿ, ಅಲ್ಲಿಂದ ಬುಟ್ಟಿ ಹೊತ್ತು ಬೈಂದೂರು ಮಾರ್ಕೆಟ್ಟಿನಲ್ಲಿ ಕೂತವಳು. ಕಣ್ಣು ಬಿಟ್ಟ ಕೂಡಲೇ ಅವಳು ನೋಡುತ್ತಿದ್ದದ್ದು ಒಲೆ, ಬುಟ್ಟಿ, ಬಸ್ಸು. ದೇವು ಆಗೆಲ್ಲ ಕಡಲಲ್ಲಿರುತ್ತಿದ್ದ. ಮೊಣಕಾಲು ನೋವಿನಿಂದ ಬೋಟಿಗೆ ಹೋಗುವುದು ಬಿಟ್ಟ ಮೇಲಷ್ಟೇ ಹೆಂಡತಿಯ ದಿನ ಹೇಗೆ ಶುರುವಾಗುತ್ತದೆ ಎಂದು ಅವನು ಸರಿಯಾಗಿ ಕಂಡದ್ದು. ಜಿತೇಂದ್ರ ಪೆನ್ನು ಕೊಟ್ಟ. ಬೋಟಿನ ಪಾಲು ಬಿಟ್ಟುಕೊಟ್ಟಾಗ ಬಂದ ಹಣ ಬ್ಯಾಂಕಿನಲ್ಲಿತ್ತು. ದೇವು ಸಹಿ ಹಾಕಿದ.

"ಹ್ವಾಯ್, ಎಂತ ಮಾಡಿದ್ರಿ ನೀವ್?" ಎಂದು ಜಲಜ ಬಸ್ಸಿನಲ್ಲಿ ಬೈದದ್ದು ಸಾಸ್ತಾನದ ಟೋಲ್ ದಾಟುವವರೆಗೂ ಮುಗಿಯಲಿಲ್ಲ. ತೆಕ್ಕಟ್ಟೆ ಬರುವಷ್ಟರಲ್ಲಿ ಅವಳೇ ಕೇಳಿದಳು: "ಅಲ್ಲ, ಅಲ್ಲಿ ಚಳಿ ಜೋರಾ? ಸ್ವೆಟರ್ ಬೇಕಾತ್ತಾ?"

ದೇವು ಊರಿಗೆ ಬಂದವನೇ ಚಾ ಅಂಗಡಿಯಲ್ಲಿ ಸುದ್ದಿ ಹೇಳಿದ. ದಸರಾ ರಜೆಗೆ ಮಡಿಕೇರಿ, ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲರೂ ಹೋಗುವುದು, ಗಾಜಿನ ಕೋಣೆ, ಗುಡ್ಡದ ಎದುರಿಗೇ. ಬಲೆ ನೇಯುವವರಿಗೂ ಹೇಳಿದ, ಐಸ್ ಪ್ಲಾಂಟಿನವರಿಗೂ ಹೇಳಿದ.

ದಸರಾಕ್ಕೆ ತಿಂಗಳಿರುವಾಗ ಕ್ಲಬ್ಬಿಗೆ ಫೋನು ಮಾಡಿದ. ಫುಲ್ ಅಂದರು. ಮಡಿಕೇರಿ ಮಾತ್ರವಲ್ಲ, ಊಟಿಯೂ ಫುಲ್, ಮುನ್ನಾರೂ ಫುಲ್. ದೀಪಾವಳಿಗೆ ಕೇಳಿದ. ಅದೂ ಫುಲ್. ಕ್ರಿಸ್‌ಮಸ್ ರಜೆಯ ಬುಕಿಂಗ್ ಎಂದೋ ಮುಗಿದಿದೆ ಅಂದರು. ಬೇಕಾದರೆ ವೇಟಿಂಗ್ ಲಿಸ್ಟಿಗೆ ಹಾಕುತ್ತೇವೆ ಅಂದರು. ವೀಕ್‌ಡೇ ಆಗಬಹುದೇ ಎಂದೂ ಒಮ್ಮೆ ಕೇಳಿದರು. ದೇವುಗೆ ಸಿಟ್ಟು ಬಂತು. "ರಜೆ ಅಂದ್ರೆ ರಜೆ ದಿನವೇ ಹೋಯ್ಕ್. ಉಳ್ದ ದಿನ ಹೋಪುದ್ ಎಂತಕ್ಕೆ?" ಎಂದು ಫೋನು ಇಟ್ಟ.

ಮಗಳು ಚಂದನಾಗೆ ವಿಷಯ ತಿಳಿದು ಅವಳು ಒಂದು ಭಾನುವಾರ ಉಪ್ಪುಂದಕ್ಕೆ ಬಂದು ಅಪ್ಪನ ಫೋನಿನಲ್ಲಿ ಕ್ಲಬ್ಬಿನ ಆ್ಯಪ್ ಹಾಕಿಕೊಟ್ಟಳು. ಮಡಿಕೇರಿಯ ಕ್ಯಾಲೆಂಡರ್ ತೆರೆದರೆ ಶನಿವಾರ, ಭಾನುವಾರ, ಹಬ್ಬ ಎಲ್ಲ ಕೆಂಪಗಿದ್ದವು.

"ಅಪ್ಪಯ್ಯ, ಹಳೆ ಮೆಂಬರುಗಳ್ ಆರ್ ತಿಂಗ್ಳ್ ಮೊದ್ಲೇ ಬುಕ್ ಮಾಡ್ಕಂತ್ರ್. ಬುಕಿಂಗ್ ಓಪನ್ ಆಪುದೇ ಕಾಯ್ತಾ ಇರ್ತ್ರ್. ನೀವ್ ನಿನ್ನೆ ಮೊನ್ನೆ ಸೇರ್ದವ್ರ್" ಅಂದಳು. ಆಮೇಲೆ ತಡೆಯಲಾರದೆ, "ಸೈನ್ ಮಾಡುಕ್ ಮುಂಚೆ ನನ್ನತ್ರ ಒಂದ್ ಮಾತ್ ಕೇಂಬುಕಾಗ್ದಾ?" ಅಂದಳು.

ಒಳಗಿನಿಂದ ಜಲಜ, "ಅಪ್ಪಯ್ಯನಿಗ್ ಬೈಬೇಡ. ಬಾ, ಬಂಗ್ಡಿ ಮೀನ್ ಕಾಸಿದ್ದೆ, ಉಣ್" ಎಂದು ಮಗಳನ್ನು ಕರೆದಳು.

ಅಲ್ಲಿಂದ ದೇವುಗೆ ಅದೊಂದೇ ಕೆಲಸವಾಯಿತು. ಬಲೆಯ ಹರಕು ಕಟ್ಟುತ್ತ ಪಕ್ಕದಲ್ಲಿ ಫೋನು ಇಟ್ಟುಕೊಳ್ಳುವುದು, ನಡುನಡುವೆ ಕೆಂಪು ಹೋಗಿ ಹಸಿರಾಯಿತೇ ಎಂದು ನೋಡುವುದು, ಆಗದಿದ್ದರೆ ಕ್ಲಬ್ಬಿಗೆ ಫೋನು ಮಾಡುವುದು. ದಸರಾ ಕಳೆಯಿತು. ಚಾ ಅಂಗಡಿಯಲ್ಲಿ ಯಾರೋ, "ಎಂತ ದೇವಣ್ಣ, ಮಡಿಕೇರಿ ಚಳಿ ಹ್ಯಾಂಗಿತ್ತ್?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದು. ದೇವು ಚಾ ಅರ್ಧಕ್ಕೇ ಬಿಟ್ಟು ಎದ್ದ. ಮರುದಿನದಿಂದ ಹಿತ್ತಿಲ ದಾರಿಯಲ್ಲಿ ಸುತ್ತುಹಾಕಿ ಬರತೊಡಗಿದ.

ಕ್ಲಬ್ಬಿನ ಫೋನಿನಲ್ಲಿ ಒಂದೊಂದು ಸಲ ಒಬ್ಬೊಬ್ಬರು ಸಿಗುತ್ತಿದ್ದರು. ಹೆಚ್ಚಿನ ಸಲ ಸಿಗುತ್ತಿದ್ದವಳು ಧನ್ಯಶ್ರೀ ಎಂಬ ಹುಡುಗಿ. ಪುಸ್ತಕದಲ್ಲಿ ಬರೆದ ಹಾಗೆ ಮಾತಾಡುತ್ತಿದ್ದಳು. "ಕ್ಷಮಿಸಿ ಸರ್, ತಾವು ಕೇಳಿದ ದಿನಾಂಕಕ್ಕೆ ಕೊಠಡಿ ಲಭ್ಯವಿಲ್ಲ." ಡಿಸೆಂಬರಿನಲ್ಲಿ ಒಂದು ದಿನ ಹಾಗೆ ಅವಳು ಹೇಳುತ್ತಿರುವಾಗಲೇ ಅವಳ ಹಿಂದಿನಿಂದ ಬಸ್ಸಿನ ಹಾರನ್ ಕೇಳಿತು, ಅದರ ಹಿಂದೆಯೇ ಕಂಡಕ್ಟರನ ಕೂಗು: "ಕೋಟ, ತೆಕ್ಕಟ್ಟೆ, ಕುಂದಾಪ್ರ! ಕುಂದಾಪ್ರ, ಕುಂದಾಪ್ರ!"

"ಹ್ವಾಯ್, ಒಂದ್ ನಿಮಿಷ" ಅಂದ ದೇವು. "ನೀವ್ ಎಲ್ಲಿಂದ ಮಾತಾಡುದ್?"

"ಸರ್, ನಾನು ಕಸ್ಟಮರ್ ಕೇರ್ ವಿಭಾಗದಿಂದ..."

"ಅದ್ ಹೌದ್. ಕುಂದಾಪ್ರ ಬಸ್ ನಿಮ್ ವಿಭಾಗದ್ ಒಳ್ಗೇ ಬತ್ತಾ?"

ಆ ಕಡೆಯಿಂದ ಸಣ್ಣ ನಗು ಕೇಳಿಸಿತು. "ಸಾಲಿಗ್ರಾಮ ನಮ್ದ್. ಮನಿಂದಲೇ ಕೆಲ್ಸ. ರಸ್ತಿ ಬದಿಗೇ ಮನಿ."

"ಅಷ್ಟ್ ದಿನ ಆ ನಮೂನಿ ಮಾತಾಡಿ ನನ್ನ ಹೆದ್ರಿಸಿದ್ಯಲ್ಲೆ ಮಾರಾಯ್ತಿ! ಈಗಳ್ ಹೇಳ್. ಆ ಕೋಣಿ ಯಾರಿಗ್ ಕಟ್ಟದ್ದ್? ನಂಗ್ ಮೋಸ ಆಯ್ತಾ?"

"ಮೋಸ ಅಂದೇಳಿ ಅಲ್ಲ" ಎಂದು ಧನ್ಯಶ್ರೀ ತಗ್ಗಿದ ದನಿಯಲ್ಲಿ ಹೇಳಿದಳು. "ಮಡಿಕೇರಿಲಿ ಕಣಿವಿ ಬದಿಯ ಕೋಣಿ ಇಪ್ಪುದೇ ನಾಕೈದ್. ಎಲ್ಲರಿಗೂ ಅದೇ ಬೇಕ್. ಹಳಬರ್ ಬಿಡುದಿಲ್ಲೆ. ಸಾಲ್ ತಪ್ಸಿ ಕೊಡುಕ್ ನನ್ನ ಕೈಯಲ್ ಆತಿಲ್ಲೆ, ಕಾಲ್ ಪೂರಾ ರೆಕಾರ್ಡ್ ಆತ್ತ್. ಆದ್ರೆ ಯಾರಾದ್ರೂ ಕ್ಯಾನ್ಸಲ್ ಮಾಡಿದ್ರೆ ನಿಮ್ಗೆ ಮೆಸೇಜ್ ಬಪ್ಪ ಹಾಂಗೆ ಮಾಡಿಡ್ತೆ."

ಹೆಚ್ಚೇನೂ ಸಿಗದಿದ್ದರೂ ದೇವುಗೆ ಅಂದು ಮನಸ್ಸು ಹಗುರವಾಯಿತು. ನಮ್ಮ ಕಡೆಯ ಹುಡುಗಿಯೊಬ್ಬಳು ಆ ಕಡೆ ಕೂತಿದ್ದಾಳೆ ಎಂದು ಜಲಜಗೂ ಹೇಳಿದ.

ಜನವರಿಯಲ್ಲಿ ಅವಳೇ ಫೋನು ಮಾಡಿದಳು. ಜಲಜ ಆಗ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು.

"ದೇವಣ್ಣ, ಒಂದ್ ಕೋಣಿ ಈಗಷ್ಟೇ ಖಾಲಿ ಆಯ್ತ್. ಶನಿವಾರದಿಂದ ಸೋಮವಾರ. ಜನ ಇದಕ್ಕೆ ಮುಗಿಬೀಳ್ತ್ರ್, ಬೆಂಗ್ಳೂರ್, ಪುಣೆಯವ್ರೆಲ್ಲ."

"ಮಡಿಕೇರಿಯಾ?"

"ಅಲ್ಲ. ಶಿರೂರ್. ಎದ್ರಿಗೇ ಕಡಲ್ ಕಾಂತ್."

ದೇವು ಸ್ಪೀಕರ್ ಹಾಕಿಕೊಂಡು ಮಾತಾಡುವವನು. ಅಂಗಳಕ್ಕೆಲ್ಲ ಕೇಳಿಸಿತು. ಬೈಂದೂರು ದಾಟಿದರೆ ಶಿರೂರು, ಬಸ್ಸು ಹತ್ತಿ ಕಣ್ಣು ಮುಚ್ಚುವಷ್ಟರಲ್ಲಿ ಇಳಿಯುವ ಊರು. "ಕಡಲ್ ಕಾಂಬುಕೆ ನಾನ್ ಶಿರೂರಿಗ್ ಹೋಯ್ಕಾ?" ಎಂದು ಅವನು ಕೂಗಿದ. "ನಾನ್ ಹುಟ್ಟಿದ್ದೇ ಕಡಲ್ ಬದಿಗೆ ಮಾರಾಯ್ತಿ! ಆ ಪುಣೆಯವ್ರಿಗೇ ಕೊಡ್."

ಜಲಜ ಕೈ ಒರೆಸಿಕೊಂಡು ಬಂದು ಫೋನಿಗೆ ಬಾಗಿ ಹೇಳಿದಳು: "ಮಗಾ, ನಮ್ಗೇ ಬೇಕ್. ಬರ್ಕೋ."

"ನಿಂಗೆ ಹುಚ್ಚಾ?" ಅಂದ ದೇವು.

"ಒಂದ್ ದಿನ ಆದ್ರೂ ಬೇರೆಯವ್ರ್ ಹಾಸಿದ್ ಹಾಸ್ಗಿಲಿ ಮನಿಕಂತೆ. ಕಡಲ್ ಇದ್ರೆ ಇರ್ಲಿ, ನಾವೆಂತ ಅದನ್ನ್ ಹೊತ್ಕಂಡ್ ಬರ್ಕಾ?"

ಶನಿವಾರ ಮಧ್ಯಾಹ್ನ ಇಬ್ಬರೂ ಬ್ಯಾಗು ಹಿಡಿದು ಶಿರೂರಿನಲ್ಲಿ ಇಳಿದು ರಿಕ್ಷಾ ಹತ್ತಿದರು. ರೆಸಾರ್ಟಿನ ಕೌಂಟರಿನಲ್ಲಿದ್ದವನು ಆಧಾರ್ ಕಾರ್ಡು ನೋಡಿ, ಮತ್ತೊಮ್ಮೆ ನೋಡಿ, "ಉಪ್ಪುಂದವಾ?" ಅಂದ. "ಹೌದ್, ಉಪ್ಪುಂದವೇ" ಎಂದು ಜಲಜ ನಗುತ್ತ ಹೇಳಿದಳು. ಎಳನೀರು ಕೊಟ್ಟು ಕರೆದುಕೊಂಡು ಹೋದರು. ಕೋಣೆ ಚೆನ್ನಾಗಿಯೇ ಇತ್ತು. ಗಾಜು ಕೂಡ ಇತ್ತು, ನೆಲದಿಂದ ಮಾಡಿನವರೆಗೆ. ಆಚೆಗೆ ಕಡಲು, ಕಡಲಲ್ಲಿ ಗೊತ್ತಿರುವವರದೇ ದೋಣಿಗಳು.

ದೇವು ಪರದೆ ಎಳೆದು ಮುಚ್ಚಿದ. ಜಲಜ ಅದನ್ನು ಮತ್ತೆ ಸರಿಸಿ, ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ಬಿಟ್ಟುಕೊಂಡು ಯಾರೂ ಕರೆಯುವವರಿಲ್ಲವೆಂಬ ಧೈರ್ಯದಲ್ಲಿ ತುಂಬ ಹೊತ್ತು ಮಿಂದಳು.

ಭಾನುವಾರ ಊಟವಾದ ಮೇಲೆ ಅವಳು ಸುಮ್ಮನೆ ಅಡ್ಡಾದವಳು ಹಾಗೇ ನಿದ್ದೆ ಹೋದಳು. ದೇವು ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ. ತಲೆ ಎತ್ತಿದಾಗ ಅವಳ ಮುಖ ಕಂಡಿತು. ಹಗಲು ಬೆಳಕಿನಲ್ಲಿ ಹೆಂಡತಿ ಮಲಗಿದ್ದನ್ನು ತಾನು ನೋಡಿಯೇ ಇಲ್ಲವಲ್ಲ ಎಂದು ಅವನಿಗೆ ಆಗ ಹೊಳೆಯಿತು. ಜ್ವರ ಬಂದಾಗಲೂ ಕೂತೇ ಇರುತ್ತಿದ್ದವಳು. ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡಿದ್ದಳು. ಬೆರಳುಗಳ ಮೇಲೆ ಕತ್ತಿ ತಾಗಿದ ಹಳೆಯ ಗೆರೆಗಳು. ಬಾಯಿ ತುಸು ತೆರೆದಿತ್ತು. ದೇವು ಎದ್ದು ಸದ್ದಾಗದ ಹಾಗೆ ಫ್ಯಾನು ಕಡಿಮೆ ಮಾಡಿದ. ಪೇಪರು ಮಡಚುವುದಕ್ಕೂ ಹೆದರಿ ಮಡಿಲಲ್ಲೇ ಇಟ್ಟುಕೊಂಡು ಕೂತ.

ಎಚ್ಚರವಾದಾಗ ಜಲಜ ಗಡಬಡಿಸಿ ಎದ್ದಳು. "ಎಂತ ಕಾಂತ್ರಿ?"

"ಎಂತ ಇಲ್ಲೆ" ಅಂದ ದೇವು. ಆಮೇಲೆ, "ಜಲಜ, ನಿಂಗೆ ಗುಡ್ಡಿ ತೋರಿಸ್ತೆ ಅಂದೇಳಿ ಕಡಲಿಗೇ ಕರ್ಕಂಡ್ ಬಂದೆ. ಆ ಟೈ ಕಟ್ಟಿದವ್ನ್ ಮಾತಿಗ್ ಮರುಳಾದೆ" ಅಂದ.

"ಅದಕ್ಕಾ ನೀವ್ ಚಾ ಅಂಗ್ಡಿ ಬಿಟ್ಟ್ ಹಿತ್ಲ್ ದಾರಿಲಿ ಬಪ್ಪುದ್? ನಂಗ್ ಗೊತ್ತಿಲ್ಲೆ ಅಂದ್ಕಂಡ್ರ್ಯಾ?" ಜಲಜ ಕೂದಲು ಗಂಟು ಹಾಕಿಕೊಳ್ಳುತ್ತ ಹೇಳಿದಳು. "ಅವ್ನ್ ಮಾತಿಗ್ ಮರುಳಾದದ್ದಲ್ಲ ನೀವ್. ನಾನ್ ಲಾಯ್ಕ್ ಅಂದದ್ದಕ್ಕೆ ಸೈನ್ ಹಾಕದ್ದ್. ನಾನ್ ಅಲ್ಲೇ ಕೂಕಂಡಿದ್ದೆ ಅಲ್ದಾ? ಕಾಣ್ಲಿಲ್ಲ್ಯಾ ನಂಗೆ?"

ದೇವು ಚಾ ತರಿಸಲೇ ಎಂದು ಕೇಳಿದ. ತರಿಸಿ ಅಂದಳು. ಕುಡಿಯುತ್ತ ಇಬ್ಬರೂ ಹೊರಗಿನ ಜಗಲಿಯಲ್ಲಿ ಕೂತು, ಹೋಗುವ ದೋಣಿ ಯಾರದು ಎಂದು ಪಂದ್ಯ ಕಟ್ಟಿಕೊಂಡರು. ದೇವುವೇ ಹೆಚ್ಚು ಸಲ ಗೆದ್ದ.

ಸೋಮವಾರ ಬೆಳಿಗ್ಗೆ ತಿಂಡಿಗೆ ಹೋದರೆ ಹಾಲ್ ಖಾಲಿ. ಹಿಂದಿನ ದಿನ ದೋಸೆಗೆ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದ ಅಷ್ಟೂ ಜನ ಮಾಯವಾಗಿದ್ದರು. ಮೇಜು ಒರೆಸುತ್ತಿದ್ದ ಹೆಂಗಸನ್ನು ಜಲಜ ಕೇಳಿದಳು: "ಎಲ್ಲ ಎಲ್ಲಿಗ್ ಹೋದ್ರ್?"

"ಸೋಮವಾರ ಅಲ್ದಾ ಅಕ್ಕ? ಆಫೀಸು, ಶಾಲಿ ಅಂದೇಳಿ ನಿನ್ನೆಯೇ ಹೋತ್ರ್. ಇನ್ನ್ ಶುಕ್ರವಾರದ ತನಕ ಇಲ್ಲಿ ನಾವೇ."

ಜಲಜ ದೋಸೆ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. "ನಮ್ಗ್ ಸೋಮವಾರವೇ ಅಲ್ದಾ ರಜೆ?" ಅಂದಳು ಗಂಡನಿಗೆ.

ಹೌದಾಗಿತ್ತು. ಸೋಮವಾರ ಬಹಳ ಮನೆಗಳಲ್ಲಿ ಮೀನು ಮಾಡುವುದಿಲ್ಲ. ಮಾರ್ಕೆಟ್ಟಿನಲ್ಲಿ ನೊಣ ಓಡಿಸುವ ದಿನ ಅದು. ಜಲಜ ಆ ದಿನ ಬುಟ್ಟಿ ಎತ್ತುವುದೇ ಕಡಿಮೆ. ಜನ ಹಬ್ಬ, ಭಾನುವಾರ ಎಂದು ಮನೆಯಲ್ಲಿರುವಾಗಲೇ ಅವಳಿಗೆ ವ್ಯಾಪಾರ. ಲೋಕಕ್ಕೆಲ್ಲ ರಜೆ ಇರುವ ದಿನವೇ ತನ್ನ ರಜೆಯೂ ಆಗಬೇಕೆಂದು ದೇವು ಇಷ್ಟು ದಿನ ಹಟ ಹಿಡಿದು ಕೂತಿದ್ದ.

"ಆದ್ರೆ ಮಕ್ಳಿಗ್ ಬಪ್ಪುಕಾತಿಲ್ಲೆ" ಅಂದ.

"ಮಗ್ಳಿಗ್ ಅವ್ಳ್ ಮನಿ ಇತ್ತ್, ಗಂಡ ಇದ್ದ. ಅವ್ರ್ ಬೇಕಾರೆ ಆಚಿ ವರ್ಷ ಬರ್ಲಿ" ಅಂದಳು ಜಲಜ. "ನಾವಿಬ್ರೇ ಹೋಪುಕೆ ನಾಚ್ಕಿಯಾ ನಿಮ್ಗೆ?"

ದೇವು ಅಲ್ಲೇ ಕೂತು ಫೋನು ಮಾಡಿದ. ಧನ್ಯಶ್ರೀ ಸಿಗುವವರೆಗೆ ಮತ್ತಿಬ್ಬರೊಡನೆ ಮಾತಾಡಿ ಇಡಬೇಕಾಯಿತು. ಅವಳು ಕೇಳಿಸಿಕೊಂಡು ನಕ್ಕುಬಿಟ್ಟಳು. "ದೇವಣ್ಣ, ವೀಕ್‌ಡೇ ಆತ್ತಾ ಅಂದ್ ಕೇಂಡ್ರೆ ನೀವ್ ಬೈದ್ ಫೋನ್ ಇಟ್ಟಿದ್ರಿ ಅಂದೇಳಿ ನಮ್ಮ ನೋಟಲ್ಲಿ ಬರ್ದಿತ್ತ್. ಅದಕ್ಕೇ ನಾನ್ ಮತ್ತೆ ಕೇಂಡದ್ದಿಲ್ಲೆ. ನಿಲ್ಲಿ, ಕಾಂತೆ." ಕೀಲಿಮಣೆಯ ಸದ್ದು ಕೇಳಿಸಿತು. "ಸೋಮವಾರಗಳಲ್ಲಿ ಮಡಿಕೇರಿ ಇತ್ತ್. ಆದ್ರೆ ಕಣಿವಿ ಬದಿಯದ್ದ್... ಜನವರಿ ಇಲ್ಲೆ... ಫೆಬ್ರವರಿ ಕೊನೆಗೆ ಒಂದೇ ಒಂದ್ ಇತ್ತ್. ಹಾಕ್ಲಾ?"

"ಹಾಕ್, ಹಾಕ್!" ಎಂದು ಗಂಡಹೆಂಡತಿ ಒಟ್ಟಿಗೇ ಕೂಗಿದರು. ಮೇಜು ಒರೆಸುತ್ತಿದ್ದ ಹೆಂಗಸು ತಿರುಗಿ ನೋಡಿದಳು.

ಮಾರ್ಕೆಟ್ಟಿನಲ್ಲಿ ಜಲಜಳ ಪಕ್ಕದಲ್ಲೇ ಕೂರುವ ಬೆಳ್ಳಿ, "ನೀ ಹೋಯ್ ಬಾ, ನಿನ್ನ್ ಗಿರಾಕಿಗಳನ್ನ್ ನಾನ್ ಕಾಂತೆ. ತಿರ್ಗಿ ಬಂದ್ ಮೇಲೆ ವಾಪಾಸ್ ಕೊಡ್ತೆ" ಎಂದು ತಮಾಷೆ ಮಾಡಿದಳು. ಚಂದನಾ ಎರಡು ಸ್ವೆಟರ್, ಒಂದು ಮಫ್ಲರ್ ಕೊಟ್ಟು ಕಳಿಸಿದಳು. ಅಪ್ಪನಿಗೆ ಏನೋ ಹೇಳಬೇಕೆಂದು ಬಾಯಿ ತೆರೆದವಳು, ಕೊನೆಗೆ ಮಫ್ಲರ್ ಸುತ್ತುವುದು ಹೇಗೆಂದು ತೋರಿಸಿಕೊಟ್ಟಳು.

ಮಂಗಳೂರಿನಲ್ಲಿ ಬಸ್ಸು ಬದಲಿಸುವವರೆಗೆ ದೇವು ಗೆಲುವಾಗಿಯೇ ಇದ್ದ. ಸಂಪಾಜೆ ದಾಟಿ ಘಾಟಿ ಶುರುವಾಯಿತು. ಮೊದಲ ತಿರುವಿಗೆ ಮಾತು ನಿಂತಿತು. ಮುಂದಿನ ತಿರುವುಗಳಲ್ಲಿ ಮುಖ ಬೆಳ್ಳಗಾಯಿತು. ಎಂಥೆಂಥ ಗಾಳಿ, ತೂಫಾನಿಗೂ ಬೋಟಿನಲ್ಲಿ ನೆಟ್ಟಗೆ ನಿಂತು ಗಂಜಿ ಉಂಡವನು, ಮಡಿಕೇರಿ ಮುಟ್ಟುವಷ್ಟರಲ್ಲಿ ಕಿಟಕಿಯಿಂದ ತಲೆ ಒಳಗೆ ತರಲಾರದೆ ಸುಸ್ತಾಗಿದ್ದ. ಜಲಜ ಒಂದು ಕೈಯಲ್ಲಿ ಅವನ ಹಣೆ ಹಿಡಿದು, ಇನ್ನೊಂದು ಕೈಯಲ್ಲಿ ಲಿಂಬೆಹಣ್ಣು ಮೂಸಿಸುತ್ತ ಕೂತಿದ್ದಳು. ನಗು ತಡೆಯಲಿಕ್ಕೆ ಅವಳಿಗೆ ಬಹಳ ಕಷ್ಟವಾಯಿತು.

ಕೋಣೆ ಚಿತ್ರದಲ್ಲಿದ್ದಂತೆಯೇ ಇತ್ತು. ಆದರೆ ದೇವು ಅದನ್ನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಹಾಸಿಗೆ ತಡಕಿ ಮಲಗಿ, ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡ.

"ಕಣ್ಣ್ ಬಿಟ್ರೆ ತಿರ್ಗತ್ತ್" ಅಂದ. "ನೀ ಕಾಣ್. ಕಂಡ್ ಹೇಳ್. ಗುಡ್ಡಿ ಇತ್ತಾ?"

ಜಲಜ ಗಾಜಿನ ಹತ್ತಿರ ಹೋಗಿ ನಿಂತಳು. ಬಿಸಿಲು ಇಳಿಯುತ್ತಿತ್ತು.

"ಇತ್ತ್" ಅಂದಳು. "ಒಂದಲ್ಲ. ಒಂದ್ರ ಹಿಂದೆ ಒಂದ್. ಹತ್ರದ್ದ್ ಹಸ್ರ್. ಅದ್ರ ಹಿಂದಿಂದ್ ನೀಲಿ. ಅದ್ರಾಚಿದ್ದ್ ಹೊಗಿ ಕಂಡಾಂಗ್ ಇತ್ತ್."

"ಮಂಜ್?"

"ಈಗಳ್ ಇಲ್ಲೆ. ತಡೀನಿ, ಕೆಳ್ಗೆ ಕಣಿವಿಲಿ ಎಂತದೋ ಬೆಳ್ಳಗೆ ಏಳ್ತಾ ಇತ್ತ್. ಒಂದ್ ಮನಿ ಕಾಂತ್, ಕೆಂಪ್ ಹಂಚಿಂದ್. ಯಾರೋ ಬಟ್ಟಿ ಒಣಗ್ಸಿರ್. ಈ ಚಳಿಗ್ ಆ ಬಟ್ಟಿ ಯಾವಾಗ ಒಣಗುದೋ."

"ಮತ್ತೆ?"

"ಒಂದ್ ಹಕ್ಕಿ. ಹೆಸ್ರ್ ಗೊತ್ತಿಲ್ಲೆ. ಬಾಲ ಉದ್ದ."

"ಮತ್ತೆ?"

"ಎಂತ ಮತ್ತೆ ಮತ್ತೆ? ಪೂರಾ ನಾನೇ ಹೇಳಿ ಮುಗ್ಸಿದ್ರೆ ನೀವ್ ಎಂತ ಕಾಂಬುದ್?" ಎಂದಳು. ಆದರೂ ನಿಲ್ಲಿಸಲಿಲ್ಲ. ಹಾಸಿಗೆಯ ಅಂಚಿನಲ್ಲಿ ಬಂದು ಕೂತು, ಗಂಡನ ಪಾದಗಳನ್ನು ಕಂಬಳಿಯೊಳಗೆ ಸೇರಿಸಿ, ಗಾಜಿನ ಕಡೆಗೇ ಮುಖ ಮಾಡಿ ಕಂಡದ್ದನ್ನೆಲ್ಲ ಹೇಳುತ್ತ ಹೋದಳು. ಯಾವ ಮರ ಹೂ ಬಿಟ್ಟಿದೆ, ಯಾವ ದಾರಿಯಲ್ಲಿ ಜೀಪು ಹೋಯಿತು, ಬೆಳಕು ಯಾವ ಗುಡ್ಡದಿಂದ ಮೊದಲು ಜಾರಿತು. ದೇವು ಹೂಂಗುಟ್ಟುತ್ತಿದ್ದ. ಹೂಂ ನಿಂತಾಗ ನಿದ್ದೆ ಹೋದ ಎಂದುಕೊಂಡು ಅವಳು ಸುಮ್ಮನಾದಳು. "ಜೀಪ್ ಎತ್ಲಾಗ್ ಹೋಯ್ತ್?" ಎಂದು ಕಂಬಳಿಯೊಳಗಿನಿಂದ ದನಿ ಬಂತು.

ಮರುದಿನ ಬೆಳಿಗ್ಗೆ ದೇವುಗೆ ತಲೆ ನೆಟ್ಟಗಾಗಿತ್ತು. ಎದ್ದು ನೋಡಿದರೆ ಜಲಜ ಎರಡೂ ಸ್ವೆಟರ್ ತಾನೇ ಹಾಕಿಕೊಂಡು, ಹಾಸಿಗೆಯಲ್ಲಿ ದಿಂಬಿಗೆ ಒರಗಿ, ಮಂಜು ನೋಡುತ್ತಿದ್ದಳು. ಕಾಲು ಚಾಚಿದ್ದಳು. ಕೈಗಳು ಖಾಲಿಯಾಗಿ ಮಡಿಲಲ್ಲಿ ಬಿದ್ದಿದ್ದವು. ಗುಡ್ಡ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇರುತ್ತಲೇ ಇರಲಿಲ್ಲ.

ದೇವು ಕಂಬಳಿ ಹೊದ್ದುಕೊಂಡೇ ಅವಳ ಪಕ್ಕಕ್ಕೆ ಸರಿದು ಕೂತ. ಸ್ವಲ್ಪ ಹೊತ್ತಿನ ಮೇಲೆ ಅವನ ಹೊಟ್ಟೆ ಗುರ್ ಎಂದಿತು. ನಿನ್ನೆಯಿಂದ ಏನೂ ತಿಂದಿರಲಿಲ್ಲ.

"ತಿಂಡಿಗ್ ಹೋಪನಾ?" ಎಂದು ಕೇಳಿದ.

"ಹೋಪ" ಎಂದಳು ಜಲಜ, ಏಳದೆ. "ಒಂಚೂರ್ ಕೂಕಣಿ. ಎಂತ ಅರ್ಜೆಂಟ್?"

ದೇವು ಕಂಬಳಿಯ ಒಂದು ತುದಿಯನ್ನು ಅವಳ ಕಾಲಿನ ಮೇಲೂ ಹಾಕಿ, ಅಲ್ಲೇ ಕೂತ.